ಕೊರೆದಷ್ಟೇ ಕಲ್ಲಿದ್ದಲು

ಭಾರತದ ನೆಲದಡಿ ಎಷ್ಟು ಕಲ್ಲಿದ್ದಲಿದೆ? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ (ಜಿಎಸ್‌ಐ) ಲೆಕ್ಕದಂತೆ 2012ರ ಏಪ್ರಿಲ್ 1ಕ್ಕೆ 29,350 ಕೋಟಿ ಟನ್. 2021ರ ಏಪ್ರಿಲ್ 1ಕ್ಕೆ 35,213 ಕೋಟಿ ಟನ್. ಆ ಒಂಬತ್ತು ವರ್ಷವೂ ನಾವು ಬಿಡುವಿಲ್ಲದೆ ಅಗೆದು ಸುಡುತ್ತಲೇ ಇದ್ದೆವು, ಮೊತ್ತ ಮಾತ್ರ ಏರಿತು. ನೆಲದೊಳಗೆ ಹೊಸದಾಗಿ ಏನೂ ಹುಟ್ಟಲಿಲ್ಲ. ಸರ್ಕಾರ ದುಡ್ಡು ಕೊಟ್ಟ ಕಡೆ ಡ್ರಿಲ್ ಇಳಿಯಿತು, ಡ್ರಿಲ್ ಇಳಿದ ಕಡೆ ಲೆಕ್ಕ ಬೆಳೆಯಿತು. ಎರಡು ಶತಮಾನದ ಈ ಕಥೆಯಲ್ಲಿ ಭೂವಿಜ್ಞಾನದಷ್ಟೇ ಖಜಾನೆಯ ಪಾತ್ರವೂ ಇದೆ.

ಬಂಗಾಳದ ರಾಣಿಗಂಜ್‌ನಲ್ಲಿ ಸಮ್ನರ್ ಮತ್ತು ಹೀಟ್ಲಿ ಎಂಬವರು ಕಲ್ಲಿದ್ದಲು ಗಣಿ ತೆರೆದದ್ದು 1774ರಲ್ಲಿ. ಎಷ್ಟಿದೆ ಎಂದು ತಿಳಿಯುವ ಆತುರ ಆಗ ಯಾರಿಗೂ ಇರಲಿಲ್ಲ. ಉಗಿಹಡಗುಗಳು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಇಂಗ್ಲೆಂಡಿನಿಂದ ಕಲ್ಲಿದ್ದಲು ತರಿಸುವ ಖರ್ಚು ಈಸ್ಟ್ ಇಂಡಿಯಾ ಕಂಪನಿಗೆ ಚುಚ್ಚತೊಡಗಿತು. 1836ರಲ್ಲಿ ಕಲ್ಕತ್ತೆಯಲ್ಲಿ ಕಲ್ಲಿದ್ದಲು ಸಮಿತಿ ರಚನೆಯಾಯಿತು, ಜಾನ್ ಮೆಕ್ಲೆಲೆಂಡ್ ಅದರ ಕಾರ್ಯದರ್ಶಿ. 1846ರಲ್ಲಿ ಕಂಪನಿ ಡಿ. ಎಚ್. ವಿಲಿಯಮ್ಸ್ ಎಂಬ ಭೂವಿಜ್ಞಾನಿಯನ್ನು ಸಂಬಳ ಕೊಟ್ಟು ಕರೆಸಿಕೊಂಡಿತು. ಕಾಡುಜ್ವರ ಅವರನ್ನು 1848ರಲ್ಲೇ ಬಲಿ ತೆಗೆದುಕೊಂಡಿತು. ಅವರ ಜಾಗಕ್ಕೆ 1851ರಲ್ಲಿ ಬಂದವರು ಥಾಮಸ್ ಓಲ್ಡ್‌ಹ್ಯಾಮ್. ಜಿಎಸ್‌ಐ ತನ್ನ ಹುಟ್ಟನ್ನು ಆ ವರ್ಷದಿಂದಲೇ ಎಣಿಸುತ್ತದೆ.

ಓಲ್ಡ್‌ಹ್ಯಾಮ್ ಹಟವಾದಿ. ಕಂಪನಿಗೆ ಬೇಕಿದ್ದದ್ದು ಕಲ್ಲಿದ್ದಲು. ಅವರು ಹೇಳಿದ್ದು, ಮೊದಲು ಇಡೀ ಪ್ರದೇಶದ ಶಿಲೆಗಳ ನಕ್ಷೆ ಆಗಲಿ ಎಂದು. ಜಿಎಸ್‌ಐನ ಡಬ್ಲ್ಯು. ಟಿ. ಬ್ಲಾನ್‌ಫರ್ಡ್ 1858ರಿಂದ 1860ರವರೆಗೆ ರಾಣಿಗಂಜ್ ಕ್ಷೇತ್ರವನ್ನು ಸುತ್ತಿ ನಕ್ಷೆ ಮಾಡಿದರು. 1871ರಲ್ಲಿ ವಿಲಿಯಂ ಕಿಂಗ್ ಗೋದಾವರಿ ಕಣಿವೆಯ ಯೆಲ್ಲಂದು ಬಳಿ ಕಲ್ಲಿದ್ದಲು ಕಂಡರು, ಮುಂದೆ ಸಿಂಗರೇಣಿ ಗಣಿಗಳು ಬೆಳೆದದ್ದು ಅಲ್ಲಿಂದ. 1872ರಲ್ಲಿ ಅದೇ ಸಂಸ್ಥೆಯ ಮೆಡ್ಲಿಕಾಟ್ ಈ ಕಲ್ಲಿದ್ದಲು ಹೊತ್ತ ಶಿಲಾಸಮೂಹಕ್ಕೆ ಗೊಂಡ್ವಾನ ಎಂಬ ಹೆಸರು ಬಳಸಿದರು. ಅದೃಷ್ಟ ನೆಚ್ಚಿ ತಡಕಾಡುವ ಕಾಲ ಅಲ್ಲಿಗೆ ಮುಗಿಯಿತು. ದಾಮೋದರ, ಸೋನ್, ಮಹಾನದಿ, ಗೋದಾವರಿ ಕಣಿವೆಗಳಲ್ಲಿ ಹುಡುಕಬೇಕು. ಬೇರೆ ಕಡೆ ಹಣ ಸುರಿಯಬೇಕಿಲ್ಲ ಎಂಬುದು ಗೊತ್ತಾಯಿತು.

ಆ ‘ಬೇರೆ ಕಡೆ’ಯಲ್ಲಿ ನಮ್ಮ ಕರ್ನಾಟಕವೂ ಸೇರಿತ್ತು. ಧಾರವಾಡ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು, ಗೊಂಡ್ವಾನ ಕಲ್ಲಿದ್ದಲಿಗೆ ಮೂವತ್ತು ಕೋಟಿ ವರ್ಷದ ಆಸುಪಾಸು. ಕಲ್ಲಿದ್ದಲಾಗಲು ಬೇಕಾದ ಕಾಡೇ ಭೂಮಿಯ ಮೇಲೆ ಇಲ್ಲದ ಕಾಲದ ಕಲ್ಲು ನಮ್ಮದು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆಗೆ ಬಿದ್ದದ್ದು ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲು. ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ಇಂದಿಗೂ ರೈಲಿನಲ್ಲಿ ಹೊರಗಿನ ಕಲ್ಲಿದ್ದಲೇ ಬರಬೇಕು.

ಖಾಸಗಿ ಗಣಿಗಳ ಕಾಲದಲ್ಲಿ ತಮ್ಮ ಗುತ್ತಿಗೆ ಜಮೀನಿನಾಚೆ ಕೊರೆಸುವ ಗರಜು ಮಾಲೀಕರಿಗೆ ಇರಲಿಲ್ಲ. ಒಳ್ಳೆಯ ಪದರ ತೆಗೆದರೆ ಸಾಕಿತ್ತು. ಗಣಿಗಳು 1971–73ರಲ್ಲಿ ರಾಷ್ಟ್ರೀಕರಣಗೊಂಡ ಮೇಲೆ ಅನ್ವೇಷಣೆ ಪೂರ್ತಿಯಾಗಿ ಸರ್ಕಾರದ ಹೊಣೆಯಾಯಿತು. 1972ರಲ್ಲಿ ಖನಿಜ ಅನ್ವೇಷಣೆಗೆ ನಾಗಪುರದ ಎಂಇಸಿಎಲ್, 1975ರಲ್ಲಿ ಗಣಿ ಯೋಜನೆಗೆ ರಾಂಚಿಯ ಸಿಎಂಪಿಡಿಐ ಎಂಬ ಸರ್ಕಾರಿ ಸಂಸ್ಥೆಗಳು ಹುಟ್ಟಿದವು.

ಅನ್ವೇಷಣೆಗೆ ಸರ್ಕಾರ ಕೊಡುವ ಹಣ ಕೊಳ್ಳುವುದು ಏನನ್ನು? ಡ್ರಿಲ್ ಯಂತ್ರ ನೆಲದಿಂದ ಕಲ್ಲಿನ ಉದ್ದನೆಯ ಕೋಲುಗಳನ್ನು ಮೇಲೆತ್ತುತ್ತದೆ. ಅವುಗಳನ್ನು ಮರದ ಪೆಟ್ಟಿಗೆಗಳಲ್ಲಿ ಆಳದ ಕ್ರಮದಲ್ಲಿ ಜೋಡಿಸಿ, ಕಪ್ಪು ಭಾಗ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಅಳೆಯುತ್ತಾರೆ. ಬೂದಿ, ತೇವಾಂಶ ತಿಳಿಯಲು ತುಣುಕುಗಳನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಉಳಿದದ್ದು ಗುಣಾಕಾರ: ವಿಸ್ತೀರ್ಣ, ದಪ್ಪ, ಸಾಂದ್ರತೆ. ಒಂದು ಚದರ ಕಿ.ಮೀ. ಹರವಿನ, ಐದು ಮೀಟರ್ ದಪ್ಪದ ಪದರದ ಸಾಂದ್ರತೆ 1.5 ಆದರೆ 75 ಲಕ್ಷ ಟನ್. ದಪ್ಪದಲ್ಲಿ ಅರ್ಧ ಮೀಟರ್ ತಪ್ಪಿದರೆ ಏಳೂವರೆ ಲಕ್ಷ ಟನ್ ಮಾಯ. ಹೀಗೆ ಕೊರೆದ ಎರಡು ಕೊಳವೆಬಾವಿಗಳ ನಡುವೆ ಪದರ ಮುರಿದು ಕೆಳಗೆ ಜಾರಿರಬಹುದು. ಝರಿಯಾ, ರಾಣಿಗಂಜ್‌ಗಳಲ್ಲಿ ನುಗ್ಗಿದ ಶಿಲಾಪಾಕ ಕಲ್ಲಿದ್ದಲನ್ನು ಸುಟ್ಟು, ಅಲ್ಲಿನವರು ಝಾಮಾ ಎನ್ನುವ ನಿರುಪಯೋಗಿ ವಸ್ತುವಾಗಿಸಿರಬಹುದು.

ಅದಕ್ಕೇ ಲೆಕ್ಕದಲ್ಲಿ ಮೂರು ದರ್ಜೆ: ಸಾಬೀತಾದದ್ದು, ಸೂಚಿತ, ಊಹಿತ. ಬಾವಿಯಿಂದ 200 ಮೀಟರ್ ಒಳಗಿನದು ಸಾಬೀತು. ಬಾವಿಗಳು ದೂರವಾದಷ್ಟೂ ದರ್ಜೆ ಇಳಿಯುತ್ತದೆ. 2012ರಲ್ಲಿ ಸಾಬೀತಾದದ್ದು 11,814 ಕೋಟಿ ಟನ್, 2021ರಲ್ಲಿ 17,718 ಕೋಟಿ; ಊಹಿತ ಮಾತ್ರ 3,318ರಿಂದ 2,800 ಕೋಟಿಗೆ ಇಳಿಯಿತು. ಬಾವಿಗಳನ್ನು ಒತ್ತೊತ್ತಾಗಿ ಕೊರೆದ ಫಲ ಇದು.

ಕೊರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಕೇಂದ್ರ ಸರ್ಕಾರ ಹರಾಜಿಲ್ಲದೆ ಹಂಚಿದ ಕಲ್ಲಿದ್ದಲು ಬ್ಲಾಕ್‌ಗಳಲ್ಲಿ ಹಲವಕ್ಕೆ ಆಗಿದ್ದದ್ದು ಮೇಲ್ಮಟ್ಟದ ಅನ್ವೇಷಣೆ ಮಾತ್ರ. 2012ರಲ್ಲಿ ಮಹಾಲೇಖಪಾಲರ (ಸಿಎಜಿ) ವರದಿ ಈ ಹಂಚಿಕೆಯಿಂದ ಖಾಸಗಿಯವರಿಗಾದ ಲಾಭವನ್ನು ಸುಮಾರು 1.86 ಲಕ್ಷ ಕೋಟಿ ರೂಪಾಯಿ ಎಂದು ಅಂದಾಜಿಸಿತು. ಆ ಮೊತ್ತದ ಬಗ್ಗೆ ಸಂಸತ್ತಿನಲ್ಲಿ ಎಷ್ಟು ಗದ್ದಲವಾದರೂ, ಅದರ ಬುಡದಲ್ಲಿದ್ದದ್ದು ಇಂಥವೇ ಟನ್ ಲೆಕ್ಕಗಳು. 2014ರಲ್ಲಿ ಸುಪ್ರೀಂ ಕೋರ್ಟ್ 204 ಬ್ಲಾಕ್‌ಗಳ ಹಂಚಿಕೆ ರದ್ದು ಮಾಡಿತು. ಕರ್ನಾಟಕ ವಿದ್ಯುತ್ ನಿಗಮ ನೆಚ್ಚಿಕೊಂಡಿದ್ದ ಮಹಾರಾಷ್ಟ್ರದ ಬರಾಂಜ್ ಬ್ಲಾಕ್‌ಗಳೂ ಅವುಗಳಲ್ಲಿದ್ದವು. ಮರುವರ್ಷ ನಿಗಮಕ್ಕೇ ಮರಳಿ ಸಿಕ್ಕವು.

ಈಗ ಹರಾಜಿಗೆ ಮುನ್ನ ಭೂವೈಜ್ಞಾನಿಕ ವರದಿ ಸಿದ್ಧವಿರಬೇಕು. 2023ರ ಜೂನ್‌ನಲ್ಲಿ ಕೇಂದ್ರ ಸಂಪುಟ ಸಮಿತಿ ಕಲ್ಲಿದ್ದಲು, ಲಿಗ್ನೈಟ್ ಅನ್ವೇಷಣೆಯ ಯೋಜನೆಯನ್ನು 2025–26ರವರೆಗೆ ಮುಂದುವರಿಸಿ 2,980 ಕೋಟಿ ರೂಪಾಯಿ ಒಪ್ಪಿತು: ಪ್ರಾದೇಶಿಕ ಅನ್ವೇಷಣೆಗೆ 1,650 ಕೋಟಿ, ಕೋಲ್ ಇಂಡಿಯಾದ ಹೊರಗಿನ ಪ್ರದೇಶಗಳ ವಿವರ ಅನ್ವೇಷಣೆಗೆ 1,330 ಕೋಟಿ. ಬ್ಲಾಕ್ ಪಡೆದವರಿಂದ ಖರ್ಚು ವಸೂಲಾಗುತ್ತದೆ. ಖಾಸಗಿಯವರು ಹೊರದ ಮೊದಲ ಹಂತದ ನಷ್ಟಭಯವನ್ನು ಸರ್ಕಾರ ಹೊರುವುದು ನ್ಯಾಯವೇ, ಆ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಲೆಕ್ಕದ ಆಳದ ಬಗ್ಗೆ. ಎಣಿಕೆ 1,200 ಮೀಟರ್‌ವರೆಗೆ ನಡೆಯುತ್ತದೆ. ನಾವು ತೆಗೆಯುವ ಕಲ್ಲಿದ್ದಲಿನಲ್ಲಿ ಶೇ. 90ಕ್ಕೂ ಹೆಚ್ಚು ಬರುವುದು ಮೇಲ್ಪದರದ ತೆರೆದ ಗಣಿಗಳಿಂದ. ಊರು, ರೈಲುಹಳಿ, ಕಾಡಿನ ಅಡಿಯದೂ ಒಟ್ಟು ಮೊತ್ತದೊಳಗೇ ಸೇರುತ್ತದೆ. ತೆಗೆಯಬಹುದಾದಷ್ಟನ್ನೇ ಬೇರೆಯಾಗಿ ಎಣಿಸುವ ಕ್ರಮವೂ ಇದೆ: ಅಮೆರಿಕದ ಭೂವೈಜ್ಞಾನಿಕ ಸಂಸ್ಥೆ ವಯೋಮಿಂಗ್‌ನ ಗಿಲೆಟ್ ಕ್ಷೇತ್ರವನ್ನು ಮರುಪರಿಶೀಲಿಸಿ 2008ರಲ್ಲಿ ವರದಿ ಕೊಟ್ಟಿತು. ಮೂಲ ಸಂಪನ್ಮೂಲ 20,100 ಕೋಟಿ ಶಾರ್ಟ್ ಟನ್. ಪರಿಶೀಲಿಸಿದ ಆರು ಪದರಗಳಲ್ಲಿ ಅಂದಿನ ಬೆಲೆಗೆ ಲಾಭವಾಗಿ ತೆಗೆಯಬಹುದಾದದ್ದು ಬರೀ 1,010 ಕೋಟಿ. ಬೆಲೆ ಏರಿದರೆ ಅದೂ ಏರುತ್ತದೆ ಎಂದು ವರದಿಯೇ ಹೇಳಿತು. ಇಂಥ ಲೆಕ್ಕಕ್ಕೆ ಡ್ರಿಲ್‌ಗಿಂತ ಕಡಿಮೆ ಹಣ ಸಾಕು, ಕೊರೆದ ಬಾವಿಗಳ ದಾಖಲೆ ಕೈಯಲ್ಲೇ ಇರುತ್ತದೆ. 2,980 ಕೋಟಿಯ ಎರಡೂ ಬಾಬತ್ತುಗಳು ಮಾತ್ರ ಅನ್ವೇಷಣೆಗೇ ಮೀಸಲು.