30 ದಿನ, 27 ಶಿಲ್ಪ, ಒಂದು ಮುಚ್ಚಿದ ಕಾರ್ಖಾನೆ

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಹಳೇ ಕಬ್ಬಿಣದ ನೇಗಿಲನ್ನ ಗುಜರಿಯವನ ಹತ್ರ ತೂಕ ಹಾಕಿಸ್ತಿದ್ರು. "ಇಟ್ಕೊಂಡು ಏನ್ ಮಾಡೋದು, ಮನೇಲಿ ಎತ್ತೇ ಇಲ್ಲ" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಆದ್ರೆ ಡೇವಿಡ್ ಸ್ಮಿತ್ ನೆನಪಾದ.

ಸ್ಮಿತ್ (1906–1965) ಅಮೆರಿಕದ ಶಿಲ್ಪಿ. ಉಳಿ ಹಿಡಿದವನಲ್ಲ, ವೆಲ್ಡಿಂಗ್ ಟಾರ್ಚ್ ಹಿಡಿದವನು. 1925ರ ಬೇಸಿಗೆಯಲ್ಲಿ ಸ್ಟುಡೆಬೇಕರ್ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ. ಮುಂದೆ ಪಿಕಾಸೊ ಮತ್ತು ಗೊನ್ಸಾಲೆಜ್ ಅವರ ಕಬ್ಬಿಣದ ಶಿಲ್ಪಗಳ ಫೋಟೋಗಳನ್ನು ಪತ್ರಿಕೆಯೊಂದರಲ್ಲಿ ನೋಡಿದ. ಕಾರ್ಖಾನೆಯಲ್ಲಿ ಕಲಿತ ಕೆಲಸದಿಂದಲೇ ಕಲೆಯನ್ನೂ ಮಾಡಬಹುದು ಅನ್ನೋದು ಹೊಳೆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ರೈಲ್ವೆ ಎಂಜಿನ್ನು, ಟ್ಯಾಂಕುಗಳಿಗೆ ವೆಲ್ಡಿಂಗ್ ಮಾಡೋ ನೌಕರಿಯನ್ನೂ ಮಾಡಿದ.

1962ರಲ್ಲಿ ಇಟಲಿಯ ಸ್ಪೊಲೆಟೊ ಕಲಾ ಉತ್ಸವಕ್ಕೆ ಒಂದೆರಡು ಶಿಲ್ಪ ಮಾಡಿಕೊಡಿ ಅಂತ ಅವನಿಗೆ ಕರೆ ಬಂತು. ಇಟಾಲ್‌ಸೈಡರ್ ಅನ್ನೋ ಉಕ್ಕಿನ ಕಂಪನಿ, ಜಿನೋವಾ ಹತ್ತಿರದ ವೋಲ್ಟ್ರಿಯಲ್ಲಿ ಮುಚ್ಚಿಹೋಗಿದ್ದ ತನ್ನ ಕಾರ್ಖಾನೆಯನ್ನೇ ಬಿಟ್ಟುಕೊಟ್ಟಿತು. ಸಹಾಯಕ್ಕೆ ಕೆಲಸಗಾರರನ್ನೂ ಕೊಟ್ಟಿತು. ಒಳಗೆ ಇದ್ದದ್ದು ಕೆಲಸಗಾರರು ಬಿಟ್ಟುಹೋದ ಇಕ್ಕಳ, ಚಕ್ರ, ತಳ್ಳುಗಾಡಿ, ತಗಡಿನ ತುಂಡು. ಸ್ಮಿತ್ ಮಾಡಿದ್ದು ಒಂದೆರಡಲ್ಲ. 30 ದಿನದಲ್ಲಿ 27 ಶಿಲ್ಪ. ಸ್ಪೊಲೆಟೊದ ಪುರಾತನ ರೋಮನ್ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಅವು ಪ್ರೇಕ್ಷಕರ ಹಾಗೆ ನಿಂತವು.

ಚಕ್ರ ಅಂದ್ರೆ ವೃತ್ತ, ತಗಡು ಅಂದ್ರೆ ಚೌಕ, ಇಕ್ಕಳ ಅಂದ್ರೆ ಕೂಡಿ ಅಗಲೋ ಎರಡು ಗೆರೆ. ಹೈಸ್ಕೂಲಿನ ರೇಖಾಗಣಿತ, ಅಷ್ಟೇ. ಉಕ್ಕನ್ನು ರೋಲರ್‌ಗೆ ಕೊಟ್ಟು ತಗಡು ಮಾಡುವಾಗ ಅದರ ತುದಿ ಓರೆಕೋರೆಯಾಗುತ್ತೆ, ಅದನ್ನ ಕತ್ತರಿಸಿ ಎಸೀತಾರೆ. ಅಂಥ ಎರಡು ತುಂಡುಗಳನ್ನು ಚಕ್ರದ ಗಾಡಿ ಮೇಲೆ ನಿಲ್ಲಿಸಿ ಸ್ಮಿತ್ ಅವುಗಳನ್ನ ಮೋಡ ಅಂದ. ಅದೇ 'ವೋಲ್ಟ್ರಿ 6'.

ನನಗೆ ಇಷ್ಟವಾಗೋದು ಇದು: ಅವನು ಇಕ್ಕಳವನ್ನ ಮರೆಮಾಚಲಿಲ್ಲ. ಶಿಲ್ಪವಾದ ಮೇಲೂ ಅದು ಇಕ್ಕಳವೇ. ಯಾರೋ ಕಾರ್ಮಿಕ ವರ್ಷಗಟ್ಟಲೆ ಹಿಡಿದಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಉಳಿದ ಉಪಕರಣಗಳನ್ನೂ ಹಡಗಿನಲ್ಲಿ ಅಮೆರಿಕಕ್ಕೆ ತರಿಸಿಕೊಂಡು 'ವೋಲ್ಟ್ರಿ-ಬೋಲ್ಟನ್' ಅನ್ನೋ ಇನ್ನೊಂದು ಸರಣಿ ಮಾಡಿದ.

ನಾವು ಬರೆಯೋ ಕೋಡ್ ಹಳೆಯದಾದ್ರೆ ಗುಜರಿಗೂ ಹೋಗಲ್ಲ. ಡಿಲೀಟ್ ಆಗುತ್ತೆ, ಹಿಡಿದ ಕೈಯ ಗುರುತೂ ಇರಲ್ಲ.

"ಅಪ್ಪ, ಆ ಗುಳ ಒಂದು ನಾನ್ ಇಟ್ಕೊಳ್ಳಲಾ?" ಅಂದೆ. ತಕ್ಕಡಿಯಿಂದ ತೆಗೆದುಕೊಟ್ರು. ಉತ್ತು ಉತ್ತು ಸವೆದ ತ್ರಿಕೋನ. ಈಗ ಬೆಂಗಳೂರಲ್ಲಿ ನನ್ನ ಮಾನಿಟರ್ ಪಕ್ಕ ಇದೆ. ಅಪ್ಪನಿಗೆ ಮಾತ್ರ ಇನ್ನೂ ಒಂದೇ ಬೇಜಾರು: "ಎರಡು ಕೆಜಿ ಕಮ್ಮಿ ಆಯ್ತಲ್ಲೋ!"