ಸಿಒಪಿಡಿ ರೋಗಿಯ ಹಠಾತ್ ಏದುಸಿರು: ಆಮ್ಲಜನಕದ ಪ್ರಮಾಣ ಕುರಿತ ಒಂದು ಪರಿಶೀಲನೆ

ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾಗಿ ರಕ್ತದ ಆಮ್ಲಜನಕ ತಗ್ಗಿದಾಗ ಆಮ್ಲಜನಕ ಕೊಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟು ಕೊಡಬೇಕೆಂದು ಅಳೆಯದೆ ಕೊಟ್ಟರೆ ಜೀವಕ್ಕೇ ಅಪಾಯ ಎಂಬುದಕ್ಕೆ ಈಗ ಗಟ್ಟಿ ಪುರಾವೆಯಿದೆ. ನಮ್ಮ ತುರ್ತು ಚಿಕಿತ್ಸೆಯ ರೂಢಿ ಅದಕ್ಕೆ ತಕ್ಕಂತೆ ಬದಲಾಗಬೇಕು.

ರೋಗಗ್ರಸ್ತ ಶ್ವಾಸಕೋಶದಲ್ಲಿ ಗಾಳಿ ಸರಿಯಾಗಿ ತಲುಪದ ಭಾಗದ ರಕ್ತನಾಳಗಳು ತಾವಾಗಿಯೇ ಕಿರಿದಾಗಿ, ಗಾಳಿಯಾಡುವ ಭಾಗದತ್ತ ರಕ್ತವನ್ನು ತಿರುಗಿಸುತ್ತವೆ. ಅತಿಯಾದ ಆಮ್ಲಜನಕ ಈ ಹೊಂದಾಣಿಕೆಯನ್ನು ಕೆಡಿಸುತ್ತದೆ. ಆಮ್ಲಜನಕ ತುಂಬಿಕೊಂಡ ಹಿಮೋಗ್ಲೋಬಿನ್ನಿಗೆ ಕಾರ್ಬನ್ ಡೈಆಕ್ಸೈಡನ್ನು ಹೊರುವ ಶಕ್ತಿಯೂ ತಗ್ಗುತ್ತದೆ. ಇದೇ ಹಾಲ್ಡೇನ್ ಪರಿಣಾಮ. ಹೀಗೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಅದು ಏರಲು ಉಸಿರಾಟದ ಪ್ರಚೋದನೆ ಕುಗ್ಗುವುದೊಂದೇ ಕಾರಣವೆಂಬ ಹಳೆಯ ಪಾಠ ಅರ್ಧಸತ್ಯವಷ್ಟೆ. ಅಳತೆಯಲ್ಲಿ ಆಮ್ಲಜನಕ ಕೊಡುವ ವಿಧಾನವನ್ನು ವೈದ್ಯ ಕ್ಯಾಂಪ್‌ಬೆಲ್ 1960ರಲ್ಲೇ ಪ್ರಕಟಿಸಿದ್ದರು.

ನಿರ್ಣಾಯಕ ಸಾಕ್ಷ್ಯ ಬಂದದ್ದು ಆಸ್ಟ್ರೇಲಿಯಾದ ಹೋಬಾರ್ಟಿನಿಂದ, 2010ರಲ್ಲಿ. ಅಲ್ಲಿನ ಆಂಬುಲೆನ್ಸ್ ಸಿಬ್ಬಂದಿ ಸಿಒಪಿಡಿ ಉಲ್ಬಣಿಸಿದೆಯೆಂದು ಶಂಕಿಸಿದ 405 ರೋಗಿಗಳಲ್ಲಿ ಒಂದು ಗುಂಪಿಗೆ ಮಾಸ್ಕ್ ಮೂಲಕ ನಿಮಿಷಕ್ಕೆ 8ರಿಂದ 10 ಲೀಟರ್ ಆಮ್ಲಜನಕ ಹರಿಸಿದರು. ಇನ್ನೊಂದು ಗುಂಪಿಗೆ ರಕ್ತದ ಆಮ್ಲಜನಕ ಮಟ್ಟ ಶೇ. 88ರಿಂದ 92ರೊಳಗೆ ಇರುವಷ್ಟನ್ನೇ ಮೂಗಿನ ನಳಿಕೆಯಲ್ಲಿ ಕೊಟ್ಟು, ಔಷಧವನ್ನು ಮಂಜಾಗಿಸುವ ನೆಬ್ಯುಲೈಸರನ್ನು ಒತ್ತಡದ ಗಾಳಿಯಿಂದ ನಡೆಸಿದರು. ಮೊದಲ ಗುಂಪಿನಲ್ಲಿ ಶೇ. 9 ಮಂದಿ, ಎರಡನೆಯದರಲ್ಲಿ ಶೇ. 4 ಮಂದಿ ತೀರಿಕೊಂಡರು. ಸಿಒಪಿಡಿ ಖಚಿತವಾದವರಲ್ಲಿ ಈ ಅಂತರ ಇನ್ನೂ ದೊಡ್ಡದು: ಶೇ. 9ಕ್ಕೆ ಎದುರಾಗಿ ಶೇ. 2. ಔಷಧ ಹೊಸದಲ್ಲ. ಬದಲಾದದ್ದು ಆಮ್ಲಜನಕದ ಅಳತೆ ಮತ್ತು ಕೊಡುವ ವಿಧಾನ ಮಾತ್ರ.

ಈ ಅಪಾಯ ಕಣ್ಣಿಗೆ ಬೀಳುವುದು ಕಷ್ಟ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 99 ತೋರಿಸುತ್ತದೆ, ಏದುಸಿರು ತಗ್ಗಿದಂತೆ ಕಾಣುತ್ತದೆ, ರೋಗಿ ಕಣ್ಣು ಮುಚ್ಚುತ್ತಾರೆ. "ಸದ್ಯ, ನಿದ್ದೆ ಬಂತು" ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆ ಮಂಪರು ಕಾರ್ಬನ್ ಡೈಆಕ್ಸೈಡ್ ಏರಿದ ಲಕ್ಷಣವಾಗಿರಬಹುದು. ಆಕ್ಸಿಮೀಟರ್ ಅದನ್ನು ಅಳೆಯುವುದೇ ಇಲ್ಲ. ಅದಕ್ಕೆ ಅಪಧಮನಿಯ ರಕ್ತಪರೀಕ್ಷೆ ಬೇಕು. ಕಾರ್ಬನ್ ಡೈಆಕ್ಸೈಡ್ ಏರಿ ರಕ್ತದ ಪಿಎಚ್ 7.35ಕ್ಕಿಂತ ಕೆಳಗಿಳಿದಿದ್ದರೆ, ಮಾಸ್ಕ್ ಮೂಲಕ ಉಸಿರಾಟಕ್ಕೆ ಒತ್ತಾಸೆ ಕೊಡುವ ಬೈಪ್ಯಾಪ್ ಯಂತ್ರದ ನೆರವು ಬೇಕಾಗುತ್ತದೆ. ಅಪಾಯ ತಿಳಿದೊಡನೆ ಆಮ್ಲಜನಕವನ್ನು ಪೂರ್ತಿ ಕಿತ್ತುಹಾಕುವುದು ಇನ್ನೊಂದು ತಪ್ಪು. ರಕ್ತದ ಆಮ್ಲಜನಕ ಆಗ ಹಠಾತ್ತನೆ ಕುಸಿಯುತ್ತದೆ. ಹಾಗೆಯೇ ಎಲ್ಲ ಏದುಸಿರೂ ಸಿಒಪಿಡಿಯದ್ದಲ್ಲ. ನ್ಯುಮೋನಿಯಾ, ಹೃದಯ ವೈಫಲ್ಯ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಎದೆಗೂಡಿನಲ್ಲಿ ಸೋರಿದ ಗಾಳಿ, ಇವನ್ನೂ ಹುಡುಕಬೇಕು.

ಕರ್ನಾಟಕದ ಮಟ್ಟಿಗೆ ಒಂದು ತೊಡಕು ಹೆಚ್ಚಿಗೆಯಿದೆ. ಸೌದೆ ಒಲೆಯ ಹೊಗೆಗೂ ದೀರ್ಘಕಾಲದ ಶ್ವಾಸನಾಳದ ಉರಿಯೂತಕ್ಕೂ ಇರುವ ನಂಟನ್ನು ಮೈಸೂರು ಭಾಗದ ಗ್ರಾಮೀಣ ಮಹಿಳೆಯರ ಅಧ್ಯಯನ ತೋರಿಸಿದೆ. ಆದರೆ ಬೀಡಿ ಮುಟ್ಟದ ಹೆಂಗಸಿನ ಕೆಮ್ಮನ್ನು ಸಾಮಾನ್ಯವಾಗಿ ಯಾರೂ ಸಿಒಪಿಡಿ ಎಂದು ಸಂಶಯಿಸುವುದಿಲ್ಲ. "ದಮ್ಮು" ಎಂದು ಸುಮ್ಮನಾಗುತ್ತಾರೆ. ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಆಗದ ರೋಗಿಗೆ ಸಿಒಪಿಡಿ ಇದೆಯೆಂದು 108 ಆಂಬುಲೆನ್ಸ್ ಸಿಬ್ಬಂದಿಗೆ ತಿಳಿಯುವ ದಾರಿಯೇ ಇರುವುದಿಲ್ಲ. ಆದ್ದರಿಂದ ಮೊದಲು ಇಂಥವರಿಗೂ ಸ್ಪೈರೋಮೆಟ್ರಿ ಆಗಲಿ. ಕಾಯಿಲೆ ಖಚಿತವಾದ ದಿನವೇ, ಕಾರ್ಬನ್ ಡೈಆಕ್ಸೈಡ್ ಏರುವ ಅಪಾಯವಿರುವ ಪ್ರತಿ ರೋಗಿಯ ಕೈಗೆ "ಗುರಿ: ಶೇ. 88–92" ಎಂದು ಕನ್ನಡದಲ್ಲಿ ಬರೆದ ಚೀಟಿಯನ್ನು ವೈದ್ಯರು ಕೊಡಲಿ, ಆಂಬುಲೆನ್ಸ್ ಹತ್ತುವಾಗ ಮನೆಯವರು ಅದನ್ನೇ ಮೊದಲು ತೋರಿಸಲಿ.