ಲೋಹಶೋಧಕದ ವಿಂಗಡಣೆ: ನಾಣ್ಯ, ಒಡವೆ ಹುಡುಕುವವರು ತಿಳಿದಿರಬೇಕಾದದ್ದು

ಗದ್ದೆಯ ಬದುವಿನಲ್ಲಿ ಜಾರಿಬಿದ್ದ ಉಂಗುರ, ಕಡಲತೀರದ ಮರಳಿನಲ್ಲಿ ಕಳೆದುಹೋದ ಸರ, ಹಳೆಯ ಮನೆಯ ಅಂಗಳದಲ್ಲಿ ಹೂತುಹೋದ ನಾಣ್ಯ: ಇವುಗಳನ್ನು ಹುಡುಕಲು ಈಗ ಲೋಹಶೋಧಕವನ್ನು ಬಳಸುವವರಿದ್ದಾರೆ. ಉಪಕರಣವನ್ನು ಕೈಗೆತ್ತಿಕೊಂಡವರು ಮೊದಲು ಬಯಸುವುದು ಕಸದ ಸದ್ದನ್ನು ಅಡಗಿಸಿ ಚಿನ್ನದ ಸದ್ದನ್ನು ಮಾತ್ರ ಕೇಳಲು. ಒಡವೆ ಕೈತಪ್ಪುವುದು ಬಹುಮಟ್ಟಿಗೆ ಈ ಬಯಕೆಯಿಂದಲೇ.

ವಿಂಗಡಣೆ ನಡೆಯುವ ಬಗೆ

ಶೋಧಕದ ಸುರುಳಿಯು ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ನೆಲಕ್ಕೆ ಕಳುಹಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೆ ಸುಳಿ ವಿದ್ಯುತ್ತು ಹುಟ್ಟಿ, ಮರಳಿ ಒಂದು ಸಂಕೇತವನ್ನು ಕಳುಹಿಸುತ್ತದೆ. ಆ ಸಂಕೇತ ಎಷ್ಟು ಹಿಂದೆ ಬೀಳುತ್ತದೆ ಎಂಬುದನ್ನು ಉಪಕರಣವು ಅಳೆದು ಪರದೆಯ ಮೇಲೆ ಒಂದು ಸಂಖ್ಯೆಯಾಗಿ ತೋರಿಸುತ್ತದೆ. ಡಿಸ್ಕ್ರಿಮಿನೇಶನ್ ಅಥವಾ ವಿಂಗಡಣೆ ಎಂದರೆ, ನಾವು ಗುರುತಿಸಿಕೊಟ್ಟ ಸಂಖ್ಯೆಗಳಿಗೆ ಶೋಧಕವು ಸದ್ದು ಮಾಡದಂತೆ ನೋಡಿಕೊಳ್ಳುವುದು. ಒಂದು ಮಟ್ಟಕ್ಕಿಂತ ಕೆಳಗಿನದೆಲ್ಲವನ್ನೂ ತಳ್ಳಿಹಾಕಬಹುದು. ನಡುವಿನ ಒಂದು ತುಂಡನ್ನು ಮಾತ್ರ ತಳ್ಳಿಹಾಕುವುದಕ್ಕೆ ನಾಚ್ ಎಂದು ಹೆಸರು.

ಸಂಖ್ಯೆಯು ಲೋಹದ ಬೆಲೆಯನ್ನು ಹೇಳುವುದಿಲ್ಲ. ಅದು ವಸ್ತುವಿನ ವಾಹಕತೆ, ಗಾತ್ರ, ದಪ್ಪ ಮತ್ತು ಆಕಾರಗಳ ಒಟ್ಟು ಫಲ. ಸಾಮಾನ್ಯವಾಗಿ ಕಬ್ಬಿಣ ಅತಿ ಕೆಳಗೆ, ತೆಳು ತಗಡುಕಾಗದ ಅದರ ಮೇಲೆ, ದಪ್ಪನೆಯ ತಾಮ್ರ ಮತ್ತು ಬೆಳ್ಳಿ ಅತಿ ಮೇಲೆ ಕಾಣುತ್ತವೆ.

ಚಿನ್ನ ಎಲ್ಲಿದೆ?

ಚಿನ್ನದ ಒಡವೆಗಳು ಈ ಸಾಲಿನ ನಡುವೆ, ಕಸದ ಜೊತೆಯಲ್ಲೇ ಇರುತ್ತವೆ. ಸಣ್ಣ ಉಂಗುರ, ಓಲೆ, ಮೂಗುತಿಗಳು ಸಿಗರೇಟು ಪೊಟ್ಟಣದ ತಗಡುಕಾಗದ ಮತ್ತು ಮಾತ್ರೆಯ ಹಾಳೆಯ ವಲಯದಲ್ಲಿ ಸದ್ದು ಮಾಡುತ್ತವೆ. ದೊಡ್ಡ ಉಂಗುರಗಳು ಪಾನೀಯದ ಡಬ್ಬಿಯ ಎಳೆಕೊಂಡಿಯ ವಲಯದಲ್ಲಿ. ಆದ್ದರಿಂದ ತಗಡುಕಾಗದವನ್ನು ತಳ್ಳಿಹಾಕಿದವರು ಉಂಗುರವನ್ನೂ ತಳ್ಳಿಹಾಕಿದಂತೆಯೇ.

ತೆಳು ಸರ ಇನ್ನೂ ಕಷ್ಟದ್ದು. ಶೋಧಕಕ್ಕೆ ಅದು ಒಂದೇ ವಸ್ತುವಾಗಿ ಕಾಣದೆ ಬಿಡಿಬಿಡಿ ಕೊಂಡಿಗಳಾಗಿ ಕಾಣುತ್ತದೆ. ಕರಿಮಣಿ ಸರದಲ್ಲಿ ತಾಳಿಯ ಬೊಟ್ಟು, ಗುಂಡು, ಕೊಕ್ಕೆಗಳು ಮಾತ್ರ ಸದ್ದು ಕೊಡುತ್ತವೆ, ಮಣಿಗಳು ಲೋಹವಲ್ಲ. ಬಾಯಿ ಕೂಡದ ಕಾಲುಂಗುರವು ಬೆಳ್ಳಿಯದೇ ಆದರೂ ಮುಚ್ಚಿದ ಉಂಗುರಕ್ಕಿಂತ ಕ್ಷೀಣವಾಗಿ, ಕೆಳಗಿನ ಸಂಖ್ಯೆಯಲ್ಲಿ ಕಾಣಬಹುದು.

ನಮ್ಮ ನಾಣ್ಯಗಳ ವಿಶೇಷ

ಹಲವು ಶೋಧಕಗಳ ಪರದೆಯ ಗುರುತುಗಳು ಅಮೆರಿಕದ ನಾಣ್ಯಗಳನ್ನು ಆಧರಿಸಿವೆ. ಅವನ್ನು ನಮ್ಮಲ್ಲಿ ಹಾಗೆಯೇ ನಂಬಲಾಗದು. 1940ಕ್ಕೆ ಮುಂಚಿನ ಬೆಳ್ಳಿ ರೂಪಾಯಿಯಲ್ಲಿ ಸುಮಾರು 91.7 ಶೇಕಡ ಬೆಳ್ಳಿಯಿದ್ದು ಅದು ಮೇಲಿನ ಸಂಖ್ಯೆಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. 1947ರ ರೂಪಾಯಿ ನಿಕ್ಕಲಿನದು, ಅಯಸ್ಕಾಂತಕ್ಕೆ ಅಂಟುತ್ತದೆ. 1990ರ ದಶಕದಿಂದ ಬಂದ ಒಂದು ರೂಪಾಯಿ ಸ್ಟೀಲ್ ನಾಣ್ಯವೂ ಅಯಸ್ಕಾಂತಕ್ಕೆ ಅಂಟುವಂಥದು. ಕಬ್ಬಿಣವನ್ನು ಪೂರ್ತಿ ತಳ್ಳಿಹಾಕಿದರೆ ಅದೂ ಮೌನವಾಗಬಹುದು. ಹುಡುಕಬೇಕಾದ ನಾಣ್ಯದಂಥದ್ದನ್ನೇ ನೆಲದ ಮೇಲಿಟ್ಟು, ಸುರುಳಿಯನ್ನು ಆಡಿಸಿ, ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಯಾವ ಕೈಪಿಡಿಗಿಂತಲೂ ಮೇಲು.

ಹೊಂದಿಸುವ ಕ್ರಮ

1. ಮೊದಲು ನೆಲದ ಸಮತೋಲ. ಕಾಸರಗೋಡಿನ ಮುರಕಲ್ಲಿನ ನೆಲದಲ್ಲೂ ಸೊಲ್ಲಾಪುರದ ಕಪ್ಪು ನೆಲದಲ್ಲೂ ಕಬ್ಬಿಣದ ಖನಿಜ ಹೆಚ್ಚು. ಸಮತೋಲ ತಪ್ಪಿದರೆ ನೆಲವೇ ಸದ್ದು ಮಾಡುತ್ತದೆ, ಸಂಖ್ಯೆಗಳು ದಾರಿತಪ್ಪಿಸುತ್ತವೆ.

2. ಆಮೇಲೆ ಸಂವೇದನೆ. ಸುಳ್ಳು ಸದ್ದು ನಿಲ್ಲುವ ತನಕ ತಗ್ಗಿಸಬೇಕು, ಅದಕ್ಕಿಂತ ಹೆಚ್ಚಲ್ಲ. ಸದ್ದು ಹೆಚ್ಚಾಯಿತೆಂದು ವಿಂಗಡಣೆಯನ್ನು ಏರಿಸುವುದು ತಪ್ಪು ಮದ್ದು.

3. ಕೊನೆಗೆ ವಿಂಗಡಣೆ. ನಾಣ್ಯಕ್ಕೂ ಒಡವೆಗೂ ಸಣ್ಣ ಮೊಳೆ ಮೌನವಾಗುವಷ್ಟು ಮಾತ್ರ ಸಾಕು. ಕಳೆದದ್ದು ಇಂಥದೇ ಒಡವೆ ಎಂದು ಗೊತ್ತಿದ್ದರೆ ಅದೇ ಬಗೆಯ ಇನ್ನೊಂದನ್ನು ಪರೀಕ್ಷಿಸಿ, ಆ ಸಂಖ್ಯೆಯ ಅಕ್ಕಪಕ್ಕವನ್ನು ತೆರೆದಿಡಬೇಕು.

4. ಸುರುಳಿಯನ್ನು ನೆಲಕ್ಕೆ ಸಮೀಪವಾಗಿ, ಒಂದು ಬೀಸು ಇನ್ನೊಂದನ್ನು ಮುಚ್ಚುವಂತೆ ನಿಧಾನವಾಗಿ ಆಡಿಸಬೇಕು. ಸದ್ದು ಬಂದಲ್ಲಿ ತೊಂಬತ್ತು ಡಿಗ್ರಿ ತಿರುಗಿ ಮತ್ತೆ ನೋಡಬೇಕು. ಎರಡೂ ಕಡೆಯಿಂದ ಒಂದೇ ಸಂಖ್ಯೆ ಬಂದರೆ ಅಗೆಯತಕ್ಕದ್ದು.

ಮೊಳೆಯ ಪಕ್ಕದಲ್ಲಿ ನಾಣ್ಯವಿದ್ದರೆ, ತಳ್ಳಿಹಾಕಿದ ಮೊಳೆಯ ಜೊತೆಗೆ ನಾಣ್ಯವೂ ಅಡಗಿಹೋಗಬಹುದು. ಹಳೆಯ ಮನೆಗಳ ಸುತ್ತ ಇದು ಸಾಮಾನ್ಯ. ಅಲ್ಲಿ ವಿಂಗಡಣೆಯನ್ನು ಪೂರ್ತಿ ತೆಗೆದು ಕಿವಿಗೊಟ್ಟು ಹುಡುಕುವುದೇ ಸರಿ. ಕಡಲಿನ ಒದ್ದೆ ಮರಳಿನಲ್ಲಿ ಉಪ್ಪುನೀರು ತೆಳು ಚಿನ್ನದ ವಲಯದಲ್ಲೇ ಸದ್ದು ಮಾಡುವುದರಿಂದ ಬಹು ಆವರ್ತನದ ಶೋಧಕ ಹೆಚ್ಚು ಉಪಯುಕ್ತ. ಒಂದೇ ಆವರ್ತನದ್ದಾದರೆ ಸಂವೇದನೆಯನ್ನು ತಗ್ಗಿಸಿ, ಒಣ ಮರಳಿನಿಂದ ಆರಂಭಿಸಬೇಕು.

ಎಲ್ಲಿ ಅಗೆಯಬಾರದು

ಗಡಿನಾಡಿನ ಕೋಟೆಗಳಲ್ಲಿ ನಿಧಿಯ ಆಸೆಗೆ ತೋಡಿದ ಗುಂಡಿಗಳನ್ನು ನಾವು ಕಂಡಿದ್ದೇವೆ. ಬೇಕಲ, ಸೊಲ್ಲಾಪುರಗಳಂಥ ಸಂರಕ್ಷಿತ ಕೋಟೆಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ನಿಷೇಧಿಸಿದೆ. 1878ರ ಭಾರತೀಯ ನಿಧಿ ಕಾಯ್ದೆಯಂತೆ ನೆಲದಲ್ಲಿ ಅಡಗಿದ್ದ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಕೇರಳಕ್ಕೆ 1968ರ ಪ್ರತ್ಯೇಕ ಕಾಯ್ದೆಯಿದೆ. ನೆಲದಿಂದ ಕಿತ್ತ ನಾಣ್ಯ ತಾನು ಬಿದ್ದಿದ್ದ ಪದರದ ಕಥೆಯನ್ನು ಕಳೆದುಕೊಳ್ಳುತ್ತದೆ. ಕಳೆದುಹೋಗುವ ಆ ಕಥೆ ನಮ್ಮ ಊರುಗಳದ್ದೇ. ಖಾಸಗಿ ಜಮೀನಾದರೆ ಒಡೆಯರ ಒಪ್ಪಿಗೆ ಪಡೆದು, ತೆಗೆದ ಗುಂಡಿಯನ್ನು ಮುಚ್ಚಿ ಬರತಕ್ಕದ್ದು.

ಕಳೆದ ಉಂಗುರವನ್ನು ಹುಡುಕುವವರಿಗೆ ನಾವು ಹೇಳುವುದಿಷ್ಟೆ: ಹತ್ತು ತಗಡುಚೂರುಗಳನ್ನು ಬೇಸರವಿಲ್ಲದೆ ಅಗೆಯಿರಿ. ಹನ್ನೊಂದನೆಯದು ಉಂಗುರವಾಗಿರಬಹುದು; ಸದ್ದನ್ನು ಅಡಗಿಸಿದ್ದರೆ ಅದು ನಿಮ್ಮ ಕಾಲಡಿಯಲ್ಲೇ ಉಳಿಯುತ್ತಿತ್ತು.